ಪಟ್ಟಿಯಲ್ಲಿ ಎರಡನೆಯ ತಾಲ್ಲೂಕು: ಮಂಡ್ಯ ಜಿಲ್ಲೆಯ ಒಂದು ಪಂಚಾಯಿತಿಯ ಪ್ರಕರಣ

ಮಂಡ್ಯ ಜಿಲ್ಲೆಯ ನಾಲಾ ಬಯಲಿನ ಒಂದು ಗ್ರಾಮ ಪಂಚಾಯಿತಿ 2022ರ ಡಿಸೆಂಬರ್‌ನಲ್ಲಿ ಒಂದು ನಿರ್ಣಯ ಅಂಗೀಕರಿಸಿತು. ಪಂಚಾಯಿತಿ ವ್ಯಾಪ್ತಿಯಲ್ಲಿ ಬೀಡುಬಿಟ್ಟಿರುವ ಕಬ್ಬು ಕಡಿಯುವವರಿಗೂ ಆಲೆಮನೆ ಕಾರ್ಮಿಕರಿಗೂ ಎಚ್‌ಐವಿ ರಕ್ತ ಪರೀಕ್ಷೆ ಮಾಡಿಸುವುದು, ಫಲಿತಾಂಶದ ಪಟ್ಟಿಯನ್ನು ಕಚೇರಿಗೆ ತರಿಸಿಕೊಳ್ಳುವುದು, ಸೋಂಕು ಇರುವವರನ್ನು ‘ಸ್ವಂತ ಊರುಗಳಿಗೆ ಕಳುಹಿಸಲು ಸೂಕ್ತ ಕ್ರಮ ವಹಿಸುವುದು’. ಸರ್ವಾನುಮತ. ನಡಾವಳಿ ಪುಸ್ತಕದಲ್ಲಿ ಆ ಪುಟ ಇಂದಿಗೂ ಇದೆ. ಕೆಲವು ಪುಟಗಳ ನಂತರ ಅದನ್ನು ಹಿಂದಕ್ಕೆ ಪಡೆದ ನಿರ್ಣಯವೂ ಇದೆ. ಎರಡರ ನಡುವೆ ಐದು ವಾರ.

ಆ ಐದು ವಾರಗಳಲ್ಲಿ ಮತ್ತು ಆನಂತರದ ಒಂದು ವರ್ಷದಲ್ಲಿ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಊರಿನ, ತಾಲ್ಲೂಕಿನ ಹೆಸರು ಬಿಟ್ಟಿದ್ದೇನೆ. ಜನರನ್ನು ಅವರ ಕೆಲಸದ ಹೆಸರಿನಿಂದಷ್ಟೇ ಕರೆಯುತ್ತೇನೆ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬೇಕೆಂದೇ ಬದಲಿಸಿದ್ದೇನೆ. ನಾನು ಮೈಸೂರಿನಲ್ಲಿ ಹಲವು ವರ್ಷ ಆಪ್ತ ಸಮಾಲೋಚಕಿಯಾಗಿದ್ದವಳು, ಈಗ ಪಂಚಾಯಿತಿ ಸದಸ್ಯರಿಗೆ, ಅಧಿಕಾರಿಗಳಿಗೆ ಆರೋಗ್ಯ ವಿಷಯದಲ್ಲಿ ತರಬೇತಿ ಕೊಡುತ್ತೇನೆ. ಈ ಪ್ರಕರಣದಲ್ಲಿ ನಾನು ಬರೀ ನೋಡುತ್ತ ನಿಂತವಳಲ್ಲ. ಒಂದು ತಪ್ಪು ನನ್ನದೂ ಇದೆ.

ಹಿನ್ನೆಲೆ

ಎಚ್‌ಐವಿ ಎಲ್ಲ ಕಡೆ ಒಂದೇ ಸಮನೆ ಹರಡಿಲ್ಲ. 2019ರ ಅಂದಾಜಿನಂತೆ ದೇಶದ ವಯಸ್ಕರಲ್ಲಿ ಸೋಂಕಿನ ಪ್ರಮಾಣ ನೂರಕ್ಕೆ 0.22, ಕರ್ನಾಟಕದಲ್ಲಿ 0.47, ಮಿಜೋರಾಂನಲ್ಲಿ 2.3. ರಾಜ್ಯದ ಒಳಗೂ ಇಂಥದ್ದೇ ಏರಿಳಿತ. ಎರಡು ದಶಕಗಳ ಹಿಂದೆ ಬಾಗಲಕೋಟೆ ಜಿಲ್ಲೆಯಲ್ಲಿ ಮನೆ ಮನೆಗೆ ಹೋಗಿ ನಡೆಸಿದ ಅಧ್ಯಯನದಲ್ಲಿ ನೂರು ವಯಸ್ಕರಲ್ಲಿ ಸುಮಾರು ಮೂವರಿಗೆ ಸೋಂಕು ಕಂಡಿತ್ತು. ಪಟ್ಟಣಕ್ಕಿಂತ ಹಳ್ಳಿಗಳಲ್ಲೇ ಹೆಚ್ಚು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಯಲ್ಲಿ ದೇವದಾಸಿ ಪದ್ಧತಿಯ ಪಳೆಯುಳಿಕೆ, ಮಹಾರಾಷ್ಟ್ರದ ನಗರಗಳಿಗೆ ಗುಳೆ, ಹೆದ್ದಾರಿ, ಬಡತನ ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿದ್ದವು. ಮೈಸೂರಿನ ಕಥೆ ಬೇರೆ. ಅಲ್ಲಿ 2004ರ ಸಮೀಕ್ಷೆಯಲ್ಲಿ ಲೈಂಗಿಕ ವೃತ್ತಿಯ ಮಹಿಳೆಯರಲ್ಲಿ ನಾಲ್ವರಲ್ಲಿ ಒಬ್ಬರಿಗೆ ಸೋಂಕಿತ್ತು. ಆ ಮಹಿಳೆಯರೇ ಮುಂದೆ ನಿಂತು ಕಟ್ಟಿದ ಆಶೋದಯ ಸಮಿತಿಯ ಕಾಲದಲ್ಲಿ ಕಾಂಡೋಮ್ ಬಳಕೆ ಏರಿತು, ಎರಡೂವರೆ ವರ್ಷದೊಳಗೆ ಅವರಲ್ಲಿ ಸಿಫಿಲಿಸ್ ಪ್ರಮಾಣ ಅರ್ಧಕ್ಕೆ ಇಳಿಯಿತು. ಯಾರ ಹೆಸರನ್ನೂ ಕೇಳದೆ ಕೆಲಸ ಮಾಡುವುದನ್ನು ನಾನು ಕಲಿತದ್ದು ಆ ಹೆಂಗಸರಿಂದ.

ಮಂಡ್ಯ ಇವೆರಡರ ಹಾಗೂ ಅಲ್ಲ. ಬೆಂಗಳೂರು ಮತ್ತು ಮೈಸೂರಿನ ನಡುವಿನ ದಾರಿಯ ಮೇಲಿರುವ ಜಿಲ್ಲೆ. ಊರಿನ ಗಂಡಸರು ಡ್ರೈವರ್‌ಗಳಾಗಿ, ಗಾರೆ ಕೆಲಸದವರಾಗಿ ಎರಡೂ ಕಡೆ ಹೋಗಿ ಬರುತ್ತಾರೆ. ಜೊತೆಗೆ ಕಬ್ಬು. ಕಟಾವಿಗೆ ಬಳ್ಳಾರಿ, ದಾವಣಗೆರೆ ಕಡೆಯಿಂದ ಗಂಡ ಹೆಂಡತಿ ಜೋಡಿಯಾಗಿ, ಮಕ್ಕಳನ್ನೂ ಕಟ್ಟಿಕೊಂಡು ಬರುವ ಗ್ಯಾಂಗುಗಳು, ಆಲೆಮನೆಯ ಕೊಪ್ಪರಿಗೆ ಮುಂದೆ ಉತ್ತರ ಪ್ರದೇಶದ ಹುಡುಗರು. ಇವರು ನಾಲೆಯ ಏರಿ ಮೇಲೆ, ಗದ್ದೆಯ ಮೂಲೆಯಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಾರೆ. ಮತದಾರರ ಪಟ್ಟಿಯಲ್ಲಿ ಇರುವುದಿಲ್ಲ. ಪಂಚಾಯಿತಿಯ ನೀರು ಕುಡಿಯುತ್ತಾರೆ, ಗ್ರಾಮ ಸಭೆಗೆ ಬರುವುದಿಲ್ಲ.

ಸ್ಥಳೀಯ ಸರ್ಕಾರದ ಸ್ಥಿತಿಯನ್ನೂ ಹೇಳಬೇಕು. ರಾಜ್ಯದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಚುನಾಯಿತ ಅವಧಿ 2021ರಲ್ಲಿ ಮುಗಿದಿತ್ತು, ಚುನಾವಣೆ ನಡೆದಿರಲಿಲ್ಲ. ಜನ ಆರಿಸಿದ ಪ್ರತಿನಿಧಿಗಳು ಉಳಿದಿದ್ದುದು ಗ್ರಾಮ ಪಂಚಾಯಿತಿಯಲ್ಲಿ ಮಾತ್ರ. ಮೇಲೆ ಕೇಳಲು ಅಧಿಕಾರಿಗಳಿದ್ದರು, ಜೊತೆಯಲ್ಲಿ ಕೂತು ‘ಇದು ಬೇಡ ಕಣಪ್ಪ’ ಎನ್ನುವ ರಾಜಕೀಯದ ಹಿರಿಯರು ಇರಲಿಲ್ಲ.

ಪಟ್ಟಿ

ಡಿಸೆಂಬರ್ 1 ವಿಶ್ವ ಏಡ್ಸ್ ದಿನ. ಆ ಹೊತ್ತಿಗೆ ಜಿಲ್ಲೆಯ ಅಂಕಿಅಂಶ ಪತ್ರಿಕೆಗಳಲ್ಲಿ ಬರುವುದು ವಾಡಿಕೆ. ಆ ವರ್ಷ ತಾಲ್ಲೂಕುವಾರು ಕೋಷ್ಟಕವೇ ಅಚ್ಚಾಯಿತು. ನಮ್ಮ ಪ್ರಕರಣದ ತಾಲ್ಲೂಕು ಮೇಲಿನಿಂದ ಎರಡನೆಯದು. ಯಾರೋ ಅದರ ಫೋಟೊ ತೆಗೆದು, ಆ ಸಾಲಿಗೆ ಕೆಂಪು ಗೆರೆ ಎಳೆದು ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರು. ‘ಕಬ್ಬು ಕಡಿಯುವವರು ಬಂದ ಮೇಲೆ ಹೀಗಾಗಿದೆ’ ಎಂಬ ಮಾತು ಸಂಜೆಯೊಳಗೆ ಸೇರಿಕೊಂಡಿತು. ಹದಿನೈದು ದಿನಕ್ಕೆ ಸಾಮಾನ್ಯ ಸಭೆ, ಅಲ್ಲಿ ನಿರ್ಣಯ.

ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ನನ್ನ ತರಬೇತಿಗೆ ಬಂದಿದ್ದ ಯುವಕ. ಫೋನ್ ಮಾಡಿ, “ಮೇಡಂ, ನಿರ್ಣಯ ಆಗಿಬಿಟ್ಟಿದೆ. ಅನುಪಾಲನೆ ಮಾಡಿದರೆ ತಪ್ಪು, ಮಾಡದಿದ್ದರೂ ತಪ್ಪು ಎನ್ನುವ ಹಾಗಿದೆ. ಒಮ್ಮೆ ಬನ್ನಿ” ಎಂದ.

ಮೊದಲು ನಾನು ಆ ಕೋಷ್ಟಕವನ್ನು ನೋಡಿದೆ. ಅದರಲ್ಲಿದ್ದುದು ಆಯಾ ತಾಲ್ಲೂಕಿನ ಪರೀಕ್ಷಾ ಕೇಂದ್ರಗಳಲ್ಲಿ ಆ ವರ್ಷ ಸೋಂಕು ಪತ್ತೆಯಾದವರ ಸಂಖ್ಯೆ. ಅವರು ಎಲ್ಲಿಯವರು ಎಂಬ ಲೆಕ್ಕ ಅಲ್ಲಿರಲಿಲ್ಲ, ಎಷ್ಟು ಜನರನ್ನು ಪರೀಕ್ಷಿಸಿದಾಗ ಅಷ್ಟು ಸಿಕ್ಕಿತು ಎಂಬುದೂ ಇರಲಿಲ್ಲ. ನಾನು ಸಮಾಲೋಚಕಿಯಾಗಿದ್ದಾಗ ನನ್ನ ಮುಂದೆ ಕುಳಿತವರಲ್ಲಿ ಎಷ್ಟೋ ಮಂದಿ ಪಕ್ಕದ ತಾಲ್ಲೂಕಿನಿಂದ, ಕೆಲವೊಮ್ಮೆ ಪಕ್ಕದ ಜಿಲ್ಲೆಯಿಂದ ಬಸ್ ಹತ್ತಿ ಬಂದವರು. ಸ್ವಂತ ಊರಿನ ಆಸ್ಪತ್ರೆಯಲ್ಲಿ ರಕ್ತ ಕೊಟ್ಟರೆ ಲ್ಯಾಬಿನವನು ಸೋದರಮಾವನ ಮಗನೋ ಸಹಪಾಠಿಯೋ ಆಗಿರುತ್ತಾನೆ ಎಂಬ ಭಯ. ನಮ್ಮ ತಾಲ್ಲೂಕಿನ ಆಸ್ಪತ್ರೆ ಬಸ್ ನಿಲ್ದಾಣಕ್ಕೆ ಹತ್ತಿರ, ಅಲ್ಲಿನ ಸಮಾಲೋಚಕಿಗೆ ಒಳ್ಳೆಯ ಹೆಸರು. ಜನ ಬರುವುದು ಸಹಜ. ತಾಲ್ಲೂಕು ಆರೋಗ್ಯಾಧಿಕಾರಿಯವರ ಮೂಲಕ, ಹೆಸರು ವಿಳಾಸ ಯಾವುದೂ ಇಲ್ಲದೆ, ಒಟ್ಟು ಲೆಕ್ಕವನ್ನಷ್ಟೇ ಕೇಳಿದೆ. ಪತ್ತೆಯಾದವರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚಿನವರು ಆ ತಾಲ್ಲೂಕಿನವರೇ ಆಗಿರಲಿಲ್ಲ.

ಇನ್ನೊಂದು ಮಾತು, ಸಣ್ಣ ಸಂಖ್ಯೆಗಳ ಬಗ್ಗೆ. ಗರ್ಭಿಣಿಯರಲ್ಲಿ ಸೋಂಕಿನ ಪ್ರಮಾಣ ಅಳೆಯಲು ಆಯ್ದ ಆಸ್ಪತ್ರೆಗಳಲ್ಲಿ ತಲಾ 400 ಮಾದರಿ ತೆಗೆಯುತ್ತಾರೆ. ಅದರಲ್ಲಿ ಒಬ್ಬರಿಗೆ ಸೋಂಕಿದ್ದರೆ ನೂರಕ್ಕೆ ಕಾಲು, ನಾಲ್ವರಿಗಿದ್ದರೆ ಒಂದು. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಮೂರನೆಯ ಹಂತದಲ್ಲಿ ಜಿಲ್ಲೆಗಳನ್ನು ‘ಎ’, ‘ಬಿ’ ಎಂದು ವಿಂಗಡಿಸಿದಾಗ, ಹಿಂದಿನ ಮೂರು ವರ್ಷಗಳಲ್ಲಿ ಇಂಥ ಯಾವುದೇ ಒಂದು ಕೇಂದ್ರದಲ್ಲಿ ನೂರಕ್ಕೆ ಒಂದು ಮುಟ್ಟಿದ ಜಿಲ್ಲೆಯೂ ‘ಎ’ ಆಗುತ್ತಿತ್ತು. ಕರ್ನಾಟಕದ ಬಹುತೇಕ ಜಿಲ್ಲೆಗಳು ‘ಎ’ ಆದವು. ಎಲ್ಲಿ ಹೆಚ್ಚು ಕೇಂದ್ರ, ಹೆಚ್ಚು ಔಷಧ, ಹೆಚ್ಚು ಹಣ ಎಂದು ತೀರ್ಮಾನಿಸಲು ಆ ವಿಂಗಡಣೆ ಬೇಕಿತ್ತು, ಅದು ಸರಿಯೇ. ಅಂಥ ಲೆಕ್ಕ ತಾಲ್ಲೂಕಿಗೆ, ಪಂಚಾಯಿತಿಗೆ ಇಳಿದಾಗ ಅದು ಲೆಕ್ಕವಾಗಿ ಉಳಿಯುವುದಿಲ್ಲ. ಜನ ಅದರೊಳಗೆ ಮುಖ ಹುಡುಕುತ್ತಾರೆ.

ನನ್ನ ಭಾಷಣ

ಪಂಚಾಯಿತಿ ಸಭಾಂಗಣದಲ್ಲಿ ನಲವತ್ತು ನಿಮಿಷ ಮಾತಾಡಿದೆ. ಒಟ್ಟಿಗೆ ಉಂಡರೆ, ಒಂದೇ ಕೊಡದ ನೀರು ಕುಡಿದರೆ, ಸೊಳ್ಳೆ ಕಚ್ಚಿದರೆ ಬರುವುದಿಲ್ಲ ಎಂದೆ. ದಿನಕ್ಕೊಂದು ಮಾತ್ರೆ ತಪ್ಪದೆ ನುಂಗಿ, ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದವರಿಂದ ಲೈಂಗಿಕ ಸಂಪರ್ಕದಲ್ಲೂ ಸೋಂಕು ದಾಟುವುದಿಲ್ಲ ಎಂದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ, ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಒಬ್ಬರ ಸ್ಥಿತಿಯನ್ನು ಇನ್ನೊಬ್ಬರಿಗೆ ಹೇಳುವಂತಿಲ್ಲ ಎಂದೂ ಓದಿ ಹೇಳಿದೆ. ತಲೆಗಳು ಆಡಿದವು. ಟೀ ಬಂತು.

ಆಗ ನಾನು ಗೆದ್ದೆನೆಂದುಕೊಂಡು ಆ ತಾಲ್ಲೂಕಿನ ಲೆಕ್ಕವನ್ನೂ ಬಿಚ್ಚಿಟ್ಟೆ. ಪತ್ತೆಯಾದವರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚಿನವರು ಹೊರಗಿನವರು ಎಂದೆ. ಹಿಂದಿನ ಸಾಲಿನಿಂದ ಒಬ್ಬ ಸದಸ್ಯ ಕೇಳಿದ: “ಸರಿ ಮೇಡಂ, ಹಾಗಾದರೆ ಮಿಕ್ಕವರು ನಮ್ಮವರೇ. ಅವರು ಯಾರು?”

ಭಯವನ್ನು ಇಳಿಸಲು ತಂದ ಸಂಖ್ಯೆ ಹುಡುಕಾಟವನ್ನು ಗುಡಿಸಲುಗಳಿಂದ ಊರೊಳಗೆ ತಿರುಗಿಸಿತ್ತು. ಅಲ್ಲಿಯವರೆಗೆ ಅನುಮಾನ ಕಬ್ಬಿನವರ ಮೇಲೆ ಮಾತ್ರ ಇತ್ತು. ಅದು ನನ್ನ ತಪ್ಪು, ಅದರ ಬೆಲೆ ತೆತ್ತವರು ಬೇರೆಯವರು.

ಮರುದಿನವೇ ಅಧ್ಯಕ್ಷೆಯ ಗಂಡ ಆಶಾ ಕಾರ್ಯಕರ್ತೆಯ ಮನೆಗೆ ಹೋಗಿ ‘ಮಾತ್ರೆ ತಗೊಳ್ಳುವವರ’ ಹೆಸರು ಕೇಳಿದ. ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲು, ಮಾತಾಡುವುದು ಗಂಡ. ಇದು ನಮ್ಮ ಕಡೆ ಯಾರಿಗೂ ಹೊಸದಲ್ಲ. ಆಶಾಗೆ ಇಬ್ಬರ ವಿಷಯ ತಿಳಿದಿತ್ತಂತೆ. “ಅಣ್ಣಾ, ನನ್ನ ಡೈರಿಯನ್ನೇ ನೋಡಿಕೊಳ್ಳಿ” ಎಂದು ಕೈಗೆ ಕೊಟ್ಟಳು. ಅದರಲ್ಲಿ ಬಾಣಂತಿಯರು, ಲಸಿಕೆ, ಲಾರ್ವಾ ಸಮೀಕ್ಷೆ ಎಲ್ಲ ಇತ್ತು. ಆ ಇಬ್ಬರ ಬಗ್ಗೆ ಅವಳು ಎಂದೂ ಒಂದಕ್ಷರ ಬರೆದಿರಲಿಲ್ಲ. ಅಷ್ಟು ವರ್ಷದ ತರಬೇತಿಯಲ್ಲಿ ಈ ಉಪಾಯವನ್ನು ನಾನು ಯಾರಿಗೂ ಹೇಳಿಕೊಟ್ಟಿರಲಿಲ್ಲ.

ಅಡುಗೆಯವರ ರಜೆ

ಸಂಕ್ರಾಂತಿ ಕಳೆದ ವಾರ ಸರ್ಕಾರಿ ಶಾಲೆಯಲ್ಲಿ ಹದಿನೇಳು ಮಕ್ಕಳು ಮನೆಯಿಂದ ಡಬ್ಬಿ ತಂದರು. ಮರುದಿನ ಇನ್ನೂ ಹೆಚ್ಚು. ಬಿಸಿಯೂಟದ ಅಡುಗೆಯವರಲ್ಲಿ ಒಬ್ಬರಿಗೆ ‘ಆ ಕಾಯಿಲೆ’ ಎಂಬ ಸುದ್ದಿ.

ಸುದ್ದಿ ಹುಟ್ಟಿದ ಬಗೆ ತಿಳಿದಾಗ ನನಗೆ ದಿಗಿಲಾಯಿತು. ಯಾವ ಆಸ್ಪತ್ರೆಯಿಂದಲೂ ಏನೂ ಸೋರಿರಲಿಲ್ಲ. ಆಕೆ ವಿಧವೆ. ಗಂಡ ಲಾರಿಯಲ್ಲಿ ಕ್ಲೀನರ್ ಆಗಿದ್ದವನು, ಕಾಯಿಲೆ ಬಿದ್ದು ಹೋದವನು. ಆಕೆ ತಿಂಗಳಿಗೊಮ್ಮೆ, ಹೆಚ್ಚುಕಡಿಮೆ ಒಂದೇ ತಾರೀಖಿಗೆ, ರಜೆ ಹಾಕುತ್ತಿದ್ದರು. ಇಷ್ಟನ್ನು ಕೂಡಿಸಿ ಊರು ತೀರ್ಪು ಬರೆದಿತ್ತು. ಹಾಜರಿ ಪುಸ್ತಕದಲ್ಲಿ ಎಲ್ಲರ ಕಣ್ಣಿಗೂ ಬೀಳುವ ಒಂದು ರಜೆ, ಯಾವ ವರದಿಗಿಂತ ಹೆಚ್ಚು ಬಾಯಿ ಬಿಟ್ಟಿತ್ತು. ಆಕೆಗೆ ಸೋಂಕು ಇತ್ತೇ ಎಂದು ನಾನು ಕೇಳಲಿಲ್ಲ. ಥೈರಾಯ್ಡ್ ಮಾತ್ರೆಗೆ ಹೋಗುವವರಿಗೂ ತಿಂಗಳಿಗೊಂದು ರಜೆ ಬೇಕಾಗುತ್ತದೆ.

ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರು ಒಳ್ಳೆಯ ಮನಸ್ಸಿನಿಂದಲೇ ಒಂದು ದಾರಿ ಸೂಚಿಸಿದರು. ಆಕೆ ರಕ್ತ ಪರೀಕ್ಷೆ ಮಾಡಿಸಿ, ಇಲ್ಲ ಎಂಬ ವರದಿಯನ್ನು ಪೋಷಕರಿಗೆ ತೋರಿಸಿಬಿಡಲಿ, ಎಲ್ಲರ ಬಾಯಿ ಮುಚ್ಚುತ್ತದೆ. ಪ್ರಕರಣದಲ್ಲಿ ಅತ್ಯಂತ ಕಷ್ಟದ ಗಳಿಗೆ ಇದು. ಕಾಯ್ದೆಯ ಪ್ರಕಾರ ಹಾಗೆ ಕೇಳುವಂತಿಲ್ಲ ಎಂಬುದು ಸರಿ. ಆದರೆ ವರದಿ ‘ಇಲ್ಲ’ ಎಂದೇ ಬಂದರೆ ಆಕೆಯ ಬದುಕು ನಾಳೆಯೇ ಸರಿಹೋಗುತ್ತಿತ್ತಲ್ಲ? ಮುಖ್ಯ ಶಿಕ್ಷಕರು ಬೇಡವೆಂದರು. ಇವರು ತೋರಿಸಿದರೆ ಜೊತೆಯ ಇಬ್ಬರೂ ತೋರಿಸಬೇಕಾಗುತ್ತದೆ, ಮುಂದಿನ ವರ್ಷ ಹೊಸದಾಗಿ ಬರುವವರೂ ತೋರಿಸಬೇಕಾಗುತ್ತದೆ, ತೋರಿಸದವರಿಗೆ ಕಾಯಿಲೆ ಇದೆ ಎಂದೇ ಅರ್ಥವಾಗುತ್ತದೆ ಎಂಬುದು ಅವರ ವಾದ. ಅಡುಗೆಯವರನ್ನು ಕೇಳಿದಾಗ ಅವರು ಈ ಚರ್ಚೆಗೆ ಸೇರಲೇ ಇಲ್ಲ. ಮಕ್ಕಳು ಊಟ ಮಾಡದ ದಿನಗಳ ಸಂಬಳ ಹಿಡಿಯುತ್ತಾರೆಯೇ ಎಂದಷ್ಟೇ ಕೇಳಿದರು.

ಮುಖ್ಯ ಶಿಕ್ಷಕರು ದಿನವೂ ಮಕ್ಕಳ ಸಾಲಿನಲ್ಲೇ ತಟ್ಟೆ ಹಿಡಿದು ಕುಳಿತರು, ಬಡಿಸುವುದನ್ನು ಆಕೆಗೇ ಬಿಟ್ಟರು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಎರಡು ದಿನ ಬಂದು ಉಂಡರು. ಸ್ವಲ್ಪ ಮಕ್ಕಳು ಮರಳಿದರು, ಎಲ್ಲರೂ ಅಲ್ಲ. ಆ ವರ್ಷ ಬಿಸಿಯೂಟದ ಜೊತೆ ಮೊಟ್ಟೆ ಕೊಡುವುದು ಮಂಡ್ಯದ ಕಡೆಗೂ ಬಂದಿತ್ತು. ಮೊಟ್ಟೆಯ ದಿನ ಡಬ್ಬಿಗಳು ಮಾಯವಾದವು. ಒಂಬತ್ತನೆಯ ದಿನಕ್ಕೆ ಸಾಲು ಮೊದಲಿನಂತಾಯಿತು. ನಾನು ಹಂಚಿದ ಕರಪತ್ರಗಳಿಗೆ ಇದರಲ್ಲಿ ಪಾಲಿದೆ ಎಂದು ಹೇಳಿಕೊಳ್ಳುವ ಧೈರ್ಯ ನನಗಿಲ್ಲ.

ಕೀಲಿ ಮತ್ತು ಸೂಲಂಗಿ

ನಿರ್ಣಯ ಹಿಂದಕ್ಕೆ ಬಂದದ್ದು ಜನವರಿಯ ಕೊನೆಯ ವಾರದ ವಿಶೇಷ ಸಭೆಯಲ್ಲಿ. ಅದಕ್ಕೆ ಕಾರಣಗಳು ಎರಡು, ಎರಡೂ ನನ್ನ ಭಾಷಣದಲ್ಲಿ ಇರಲಿಲ್ಲ.

ಮೊದಲನೆಯದು ಕಬ್ಬು. ‘ರಕ್ತ ತೆಗೆಯುತ್ತಾರಂತೆ, ವಾಪಸ್ ಅಟ್ಟುತ್ತಾರಂತೆ’ ಎಂಬ ಮಾತು ಗುಡಿಸಲುಗಳಿಗೆ ಹೋಗಿ ಎರಡು ಗ್ಯಾಂಗು ರಾತ್ರೋರಾತ್ರಿ ಗಂಟು ಕಟ್ಟಿ ಪಕ್ಕದ ತಾಲ್ಲೂಕಿಗೆ ಹೊರಟುಹೋದವು. ಮೂರನೆಯ ಗ್ಯಾಂಗಿನ ಮೇಸ್ತ್ರಿ ಪಂಚಾಯಿತಿ ಕಟ್ಟೆಯ ಮೇಲೆ ಕುಳಿತು, “ನನ್ನ ಹನ್ನೆರಡು ಜೋಡಿಯೂ ಹೋಗುತ್ತವೆ. ಮುಂಗಡ ಕೊಟ್ಟವರು ನನ್ನನ್ನು ಕೇಳಬೇಡಿ” ಎಂದ. ಸದಸ್ಯರಲ್ಲಿ ಹೆಚ್ಚಿನವರು ರೈತರು. ಕಟಾವು ತಡವಾಗಿ ಸೂಲಂಗಿ, ಅಂದರೆ ಹೂ, ಬಂದ ಕಬ್ಬು ತೂಕ ಬಿಡುತ್ತದೆ, ಇಳುವರಿ ಹೋಗುತ್ತದೆ. ಸರ್ವಾನುಮತಕ್ಕೆ ಕೈ ಎತ್ತಿದ್ದವರೇ ಪಿಡಿಒನನ್ನು ಪಕ್ಕಕ್ಕೆ ಕರೆದು, ಅದಕ್ಕೆ ಏನಾದರೂ ಮಾಡು ಎಂದರು.

ಎರಡನೆಯದು ಅಧ್ಯಕ್ಷೆಯ ಮಾತು. ಅಷ್ಟು ದಿನ ಅವರ ಧ್ವನಿ ನಾನು ಕೇಳಿರಲಿಲ್ಲ. ಹಿಂದೆ ಸ್ತ್ರೀಶಕ್ತಿ ಸಂಘದ ಲೆಕ್ಕ ಇಟ್ಟವರಂತೆ. ಆ ಸಭೆಯಲ್ಲಿ ಗಂಡ ಹೊರಗೆ ಫೋನಿನಲ್ಲಿದ್ದಾಗ ಅವರು ಹೇಳಿದ್ದು ಇಷ್ಟು: “ಪಟ್ಟಿ ಬಂದರೆ ಅದನ್ನು ಆ ಬೀರುವಿನಲ್ಲಿ ಇಡಬೇಕು. ಬೀರುವಿನ ಕೀ ಗೋಡೆಯ ಮೊಳೆಗೆ ನೇತು ಹಾಕಿರುತ್ತದೆ. ಬಿಲ್ ಕಲೆಕ್ಟರ್ ತೆಗೆಯುತ್ತಾನೆ, ನೀರುಗಂಟಿ ತೆಗೆಯುತ್ತಾನೆ. ನಾಳೆ ಪಟ್ಟಿ ಹೊರಗೆ ಹೋದರೆ ಸಹಿ ಯಾರದು? ನನ್ನದು.” ಎಲ್ಲರೂ ಒಮ್ಮೆ ಮೊಳೆಯ ಕಡೆ ನೋಡಿದರು. ಕೀ ಅಲ್ಲೇ ಇತ್ತು.

ಪಿಡಿಒ ಹೊಸ ನಿರ್ಣಯದ ಕರಡು ಸಿದ್ಧಮಾಡಿ ತಂದಿದ್ದ. ವಲಸೆ ಕಾರ್ಮಿಕರಿಗೂ ಗ್ರಾಮಸ್ಥರಿಗೂ ಸಾಮಾನ್ಯ ಆರೋಗ್ಯ ಶಿಬಿರ. ಎಚ್‌ಐವಿ ಪರೀಕ್ಷೆ ಬಯಸಿದವರಿಗೆ ಮಾತ್ರ. ಫಲಿತಾಂಶ ಆ ವ್ಯಕ್ತಿಗೆ ಮಾತ್ರ. ಪಂಚಾಯಿತಿ ಯಾವುದೇ ಪಟ್ಟಿಯನ್ನು ಕೇಳುವುದಿಲ್ಲ, ಪಡೆಯುವುದಿಲ್ಲ, ಇಡುವುದಿಲ್ಲ. ‘ಪಡೆಯುವುದಿಲ್ಲ’ ಎಂಬ ಪದವನ್ನು ಸೇರಿಸಿದ್ದು ಅವನೇ. ಕೇಳದಿದ್ದರೂ ತಂದುಕೊಡುವವರು ಇರುತ್ತಾರೆ ಎಂದ.

ಎರಡು ಶಿಬಿರ

ಮೊದಲ ಶಿಬಿರ ಪಂಚಾಯಿತಿ ಅಂಗಳದಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ, ಶಾಮಿಯಾನ ಹಾಕಿ. ಊರಿನ ಮುದುಕರು ಬಂದು ಬಿಪಿ ನೋಡಿಸಿಕೊಂಡು ಹೋದರು. ಕಬ್ಬಿನವರು ಆ ಹೊತ್ತಿಗೆ ಗದ್ದೆಯಲ್ಲಿ ಮಚ್ಚು ಹಿಡಿದಿರುತ್ತಾರೆ. ಲೋಡು ತುಂಬದೆ ಬರಲಾಗುವುದಿಲ್ಲ. ನಮಗೆ ಇದು ಹೊಳೆಯಲಿಲ್ಲ ಎಂದು ಬರೆಯಲು ಈಗಲೂ ನಾಚಿಕೆ.

ಎರಡನೆಯದು ನಾಲೆ ಏರಿಯ ಹತ್ತಿರ, ಸಂಜೆ ಆರೂವರೆಗೆ. ಪಂಚಾಯಿತಿಯಿಂದ ದೀಪ, ನೀರಿನ ಡ್ರಮ್ಮು, ಎರಡು ಟ್ರ್ಯಾಕ್ಟರ್ ಟ್ರೇಲರ್. ಸಮಾಲೋಚಕಿ ಒಂದು ಷರತ್ತು ಹಾಕಿದರು. ಎಚ್‌ಐವಿಗೆ ಬೇರೆ ಮೇಜು ಇರಕೂಡದು. ಬಂದವರೆಲ್ಲರೂ, ಮೊಣಕಾಲು ನೋವಿನವರೂ ಸೇರಿ, ಟ್ರೇಲರ್ ಹಿಂದೆ ಕಟ್ಟಿದ ಸೀರೆಯ ಮರೆಯಲ್ಲಿ ಅವರ ಜೊತೆ ಐದು ನಿಮಿಷ ಕೂರಬೇಕು. ಯಾರು ಹೂಂ ಅಂದರು, ಯಾರು ಬೇಡ ಅಂದರು ಎಂಬುದು ಸಾಲಿನಲ್ಲಿ ನಿಂತವರಿಗೆ ತಿಳಿಯಬಾರದು. ಎಲ್ಲರಿಗೂ ಒಂದೇ ಬಣ್ಣದ ಚೀಟಿ. ಸಕ್ಕರೆ, ರಕ್ತಹೀನತೆ, ಕೆಮ್ಮಿದ್ದವರಿಗೆ ಕಫ ಪರೀಕ್ಷೆ. ಮಕ್ಕಳಿಗೆ ತಪ್ಪಿಹೋಗಿದ್ದ ಲಸಿಕೆ. ತಾಯಂದಿರು ಬಂದದ್ದು ಮುಖ್ಯವಾಗಿ ಇದಕ್ಕೆ. ಇಬ್ಬರು ಗರ್ಭಿಣಿಯರಿಗೆ ಅಲ್ಲಿಯವರೆಗೆ ಎಲ್ಲೂ ತಾಯಿ ಕಾರ್ಡ್ ಆಗಿರಲಿಲ್ಲ. ಗರ್ಭಿಣಿಗೆ ಸೋಂಕಿದ್ದರೂ ಸಕಾಲಕ್ಕೆ ಔಷಧ ಆರಂಭಿಸಿದರೆ ಅದು ಮಗುವಿಗೆ ದಾಟುವುದನ್ನು ಬಹುಮಟ್ಟಿಗೆ ತಡೆಯಬಹುದು, ಹಾಗಾಗಿ ಆ ಇಬ್ಬರು ಸಿಕ್ಕಿದ್ದು ನನ್ನ ಲೆಕ್ಕದಲ್ಲಿ ಆ ಸಂಜೆಯ ದೊಡ್ಡ ಕೆಲಸ.

ಎಷ್ಟು ಜನಕ್ಕೆ ಎಚ್‌ಐವಿ ಪತ್ತೆಯಾಯಿತು ಎಂದು ಓದುವವರು ಕೇಳುತ್ತಾರೆ, ಪಂಚಾಯಿತಿಯವರೂ ಕೇಳಿದರು. ಅಷ್ಟು ಸಣ್ಣ ಬೀಡಿನ ಸಂಖ್ಯೆಯನ್ನು ಬರೆದರೆ, ಸೊನ್ನೆಯಾಗಿದ್ದರೂ ಒಂದಾಗಿದ್ದರೂ, ಮುಂದಿನ ಶಿಬಿರದಲ್ಲಿ ಅದನ್ನು ಬಚ್ಚಿಡುವುದೇ ಉತ್ತರವಾಗಿಬಿಡುತ್ತದೆ. ಆದ್ದರಿಂದ ಬರೆಯುವುದಿಲ್ಲ.

ಮೂರನೆಯ ಶಿಬಿರ ನಡೆಯಲಿಲ್ಲ. ವಿಧಾನಸಭಾ ಚುನಾವಣೆಗೆ ಮಾರ್ಚ್ 29ರಂದು ನೀತಿ ಸಂಹಿತೆ ಬಂತು, ಅದು ಮುಗಿಯುವ ಹೊತ್ತಿಗೆ ಗುಡಿಸಲು ಖಾಲಿ.

ಪಂಚಾಯಿತಿ ಮಾಡಬಹುದಾಗಿದ್ದು

ನಿಜವಾಗಿ ಪಂಚಾಯಿತಿಯ ಕೈಯಲ್ಲಿ ಏನಿತ್ತು? ಪರೀಕ್ಷೆ ಆರೋಗ್ಯ ಇಲಾಖೆಯದು, ಮಾತ್ರೆ ಎಚ್‌ಐವಿ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರದ್ದು. ಆಶಾ ಮತ್ತು ಸಮಾಲೋಚಕಿ, ಯಾರ ಹೆಸರೂ ಎತ್ತದೆ, ಆ ಕಡೆಯಿಂದ ಚಿಕಿತ್ಸೆಗೆ ಹೋಗುವವರ ತಾಪತ್ರಯಗಳನ್ನು ಹೇಳಿದರು. ಬೆಳಿಗ್ಗೆ ಎಂಟೂ ನಲವತ್ತಕ್ಕೆ ಮೊದಲು ಬಸ್ಸಿಲ್ಲ. ಮಂಡ್ಯ ತಲುಪಿ ಸಾಲಿನಲ್ಲಿ ನಿಂತು ಬರುವಷ್ಟರಲ್ಲಿ ಒಂದು ದಿನದ ಕೂಲಿ ಹೋಯಿತು. ಪಂಚಾಯಿತಿ ಬಸ್ ಸಮಯ ಬದಲಿಸಲು ಎರಡು ಪತ್ರ ಬರೆಯಿತು. ಉತ್ತರ ಬರಲಿಲ್ಲ. ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ ಚಾರ್ಜು ಉಳಿಯಿತು. ಕೂಲಿ ಹೋಗುವುದು ತಪ್ಪಲಿಲ್ಲ, ಗಂಡಸರಿಗೆ ಎರಡೂ ಹೋಯಿತು. ಆರೋಗ್ಯ ಸ್ಥಿರವಾಗಿರುವವರಿಗೆ ಎರಡು ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಡುವ ಪದ್ಧತಿಯೇ ಎಲ್ಲಕ್ಕಿಂತ ಹೆಚ್ಚು ಅನುಕೂಲ ಮಾಡಿತು. ಕೂಲಿ ಉಳಿಯಿತು ಎಂಬುದಷ್ಟೇ ಅಲ್ಲ. ಪ್ರತಿ ತಿಂಗಳೂ ಅದೇ ತಾರೀಖಿಗೆ ರಜೆ ಹಾಕುವುದು ತಪ್ಪಿತು. ಹಾಜರಿ ಪುಸ್ತಕ ಓದುವ ಊರಿನಲ್ಲಿ ಅದು ಸಣ್ಣ ಮಾತಲ್ಲ.

ಆಗಸ್ಟ್‌ನಲ್ಲಿ ಅಧ್ಯಕ್ಷ ಸ್ಥಾನದ ಎರಡೂವರೆ ವರ್ಷದ ಅವಧಿ ಮುಗಿದು ಬೇರೆಯವರು ಬಂದರು. ಹೊಸ ಅಧ್ಯಕ್ಷರು ಉತ್ಸಾಹಿ. ಸೋಂಕಿತರಿಗೆ ಮನೆ ಹಂಚಿಕೆಯಲ್ಲಿ ಆದ್ಯತೆ ಕೊಡೋಣ ಎಂದರು. ಕೇಳಲು ಎಷ್ಟು ಚೆನ್ನ! ಆದರೆ ಫಲಾನುಭವಿಗಳ ಆಯ್ಕೆ ಗ್ರಾಮ ಸಭೆಯಲ್ಲಿ, ಹೆಸರನ್ನು ಮೈಕಿನಲ್ಲಿ ಓದುತ್ತಾರೆ, ಯಾವ ವರ್ಗ ಎಂದೂ ಓದುತ್ತಾರೆ. ವಾಪಸ್ ಅಟ್ಟುವ ನಿರ್ಣಯಕ್ಕೂ ಮನೆ ಕೊಡುವ ನಿರ್ಣಯಕ್ಕೂ ಬೇಕಾಗಿದ್ದುದು ಅದೇ ಪಟ್ಟಿ. ಇದನ್ನು ಅವರಿಗೆ ವಿವರಿಸಲು ಹತ್ತು ನಿಮಿಷ ಸಾಕಾಯಿತು. ಹಿಂದಿನ ಜನವರಿಯ ನೆನಪು ಇನ್ನೂ ಹಸಿಯಾಗಿತ್ತು. ವಿಧವೆಯರು, ಅಂಗವಿಕಲರು, ಭೂರಹಿತರು ಎಂಬ ಈಗಾಗಲೇ ಇರುವ ವ್ಯವಸ್ಥೆಯಲ್ಲೇ ಅರ್ಜಿ ಹಾಕಿಸಲು ಆಶಾ ಮತ್ತು ಸ್ತ್ರೀಶಕ್ತಿ ಸಂಘದವರು ಮನೆ ಮನೆಗೆ ಹೋದರು. ಅದರಲ್ಲಿ ಯಾರು ಯಾರು ಸೇರಿದ್ದರು ಎಂಬುದು ಕಚೇರಿಗೆ ತಿಳಿಯುವ ಅಗತ್ಯ ಬರಲಿಲ್ಲ.

ಬೀರುವಿಗೆ ಹೊಸ ಬೀಗ ಹಾಕಿದ್ದಾರೆ. ಒಂದು ಕೀ ಪಿಡಿಒ ಹತ್ತಿರ, ಇನ್ನೊಂದು ಅಧ್ಯಕ್ಷರ ಹತ್ತಿರ. ಹಳೆಯ ಮೊಳೆಗೆ ಈಗ ಕ್ಯಾಲೆಂಡರ್.

ಅಡುಗೆಯವರು ಆ ಶೈಕ್ಷಣಿಕ ವರ್ಷ ಮುಗಿಸಿ ಕೆಲಸ ಬಿಟ್ಟರು. ಯಾರೂ ಬಿಡಿಸಲಿಲ್ಲ. ಬೆಂಗಳೂರಿನಲ್ಲಿ ತಂಗಿಯ ಮನೆಯ ಹತ್ತಿರ ಗಾರ್ಮೆಂಟ್ಸ್‌ಗೆ ಸೇರಿದ್ದಾರೆಂದು ಕೇಳಿದೆ. ಒಂಬತ್ತು ದಿನಕ್ಕೆ ಸಾಲು ಸರಿಹೋಯಿತೆಂದು ನಾನು ಎಲ್ಲ ಕಡೆ ಹೇಳಿಕೊಂಡು ತಿರುಗುತ್ತಿದ್ದಾಗ, ಆಕೆಗೆ ಅದು ಸರಿಹೋಗಿರಲಿಲ್ಲ ಎಂಬುದು ನನಗೆ ಗೊತ್ತಾಗಿರಲಿಲ್ಲ. ಹೋಗಿ ಮಾತಾಡಿಸಬಹುದಿತ್ತು. ಮಾತಾಡಿಸಲಿಲ್ಲ.

ನನ್ನ ತರಬೇತಿಯಲ್ಲಿ ಎರಡು ವಿಷಯ ಬದಲಾಗಿವೆ. ಯಾವ ಅಂಕಿಯನ್ನು ತೋರಿಸಿದರೂ ಮೊದಲು ಮೂರು ಪ್ರಶ್ನೆ ಬರೆಸುತ್ತೇನೆ: ಇದು ಪರೀಕ್ಷೆ ನಡೆದ ಜಾಗದ ಲೆಕ್ಕವೋ ವಾಸದ ಜಾಗದ್ದೋ, ಎಷ್ಟು ಮಂದಿಯನ್ನು ಪರೀಕ್ಷಿಸಿದಾಗ ಸಿಕ್ಕಿದ್ದು, ಹೋದ ವರ್ಷ ಎಷ್ಟು ಮಂದಿಯನ್ನು ಪರೀಕ್ಷಿಸಿದ್ದರು. ಎರಡನೆಯದಾಗಿ, ಪಂಚಾಯಿತಿ ಮಟ್ಟದಲ್ಲಿ ಸೋಂಕಿನ ಸಂಖ್ಯೆಯನ್ನು ನಾನೇ ಹೇಳುವುದಿಲ್ಲ, ಭಯ ಕಳೆಯಲಿಕ್ಕೂ ಹೇಳುವುದಿಲ್ಲ.

2023ರ ಡಿಸೆಂಬರ್‌ನಲ್ಲಿ ಪತ್ರಿಕೆಯಲ್ಲಿ ಮತ್ತೆ ಕೋಷ್ಟಕ ಬಂತು. ನಮ್ಮ ತಾಲ್ಲೂಕು ಎರಡರಿಂದ ಐದಕ್ಕೆ ಇಳಿದಿತ್ತು. ಹೊಸ ಅಧ್ಯಕ್ಷರಿಗೆ ಸಂಭ್ರಮ. ಪಂಚಾಯಿತಿ ಮುಂದೆ ಅಭಿನಂದನೆಯ ಫ್ಲೆಕ್ಸ್ ಕಟ್ಟಿಸೋಣ ಎಂದು ನನಗೂ ಫೋನ್ ಮಾಡಿದರು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಪಿಡಿಒನ ಧ್ವನಿ ಕೇಳಿಸಿತು: “ಸಾರ್, ಈ ವರ್ಷ ಎಷ್ಟು ಟೆಸ್ಟ್ ಆಗಿದೆ ಎಂದು ಕೇಳಿ.” ಅವನು ಆಗಲೇ ವಿಚಾರಿಸಿದ್ದ. ತಾಲ್ಲೂಕು ಆಸ್ಪತ್ರೆಯ ಪರೀಕ್ಷಾ ಕೇಂದ್ರದಲ್ಲಿ ಲ್ಯಾಬ್ ಟೆಕ್ನಿಷಿಯನ್ ಹುದ್ದೆ ನಾಲ್ಕು ತಿಂಗಳು ಖಾಲಿ ಇತ್ತು. ಹೊರಗಿನಿಂದ ಬರುತ್ತಿದ್ದವರು ಬೇರೆ ತಾಲ್ಲೂಕಿನ ಬಸ್ ಹತ್ತಿದ್ದರು. ಆ ತಾಲ್ಲೂಕು ಈ ಸಲ ಪಟ್ಟಿಯಲ್ಲಿ ಎರಡನೆಯದು.

ಫ್ಲೆಕ್ಸ್ ಕಟ್ಟಲಿಲ್ಲ. ಆ ತಾಲ್ಲೂಕಿನ ಯಾವುದೋ ಪಂಚಾಯಿತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಆ ಸಾಲಿಗೆ ಯಾರಾದರೂ ಕೆಂಪು ಗೆರೆ ಎಳೆದಿದ್ದಾರೆಯೇ ಎಂದು ವಿಚಾರಿಸಲು ಪಿಡಿಒ ತನ್ನ ಬ್ಯಾಚಿನ ಗೆಳೆಯನಿಗೆ ಅಂದೇ ಸಂಜೆ ಫೋನ್ ಮಾಡಿದನಂತೆ.